ಆತೆ ಕಲಿಸಿದ ಅಡುಗೆ

ಶ್ರೀನಿವಾಸಪುರ ಎಂದರೆ ಮಾವು. ಕೋಲಾರ ಜಿಲ್ಲೆಯ ಈ ತಾಲ್ಲೂಕಿನಲ್ಲಿ ಮೇ ಕೊನೆಯಿಂದ ಜುಲೈವರೆಗೆ ಊರಿಗೆ ಊರೇ ಮಾವಿನ ವಾಸನೆ ಹೊದ್ದುಕೊಂಡು ಕೂತಿರುತ್ತದೆ. ಮಂಡಿಗಳಲ್ಲಿ ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ನೀಲಂ ರಾಶಿ ಬೀಳುತ್ತವೆ. ಎಲ್ಲಕ್ಕಿಂತ ದೊಡ್ಡ ರಾಶಿ ತೋತಾಪುರಿಯದು. ಗಿಳಿಮೂತಿಯ ಈ ಹಣ್ಣು ಲಾರಿ ಹತ್ತಿ, ಗಡಿ ದಾಟಿ, ಆಂಧ್ರದ ಚಿತ್ತೂರು ಕಡೆಯ ತಿರುಳಿನ ಕಾರ್ಖಾನೆಗಳಿಗೆ ಹೋಗುವುದು ವಾಡಿಕೆ. 2025ರ ಜೂನ್‌ನಲ್ಲಿ ಆ ವಾಡಿಕೆ ತಪ್ಪಿತು. ಕರ್ನಾಟಕದ ತೋತಾಪುರಿ ಒಳಗೆ ಬರಕೂಡದೆಂದು ಚಿತ್ತೂರಿನ ಜಿಲ್ಲಾಡಳಿತ ಗಡಿಯಲ್ಲೇ ತಡೆ ಹಾಕಿತು. ಮೊದಲೇ ಕುಸಿದಿದ್ದ ಬೆಲೆ ನೆಲ ಕಚ್ಚಿತು. ಕಾಯಿ ಕೀಳುವ ಕೂಲಿಯೂ ಹುಟ್ಟದೆಂದು ರೈತರು ಹಣ್ಣನ್ನು ರಸ್ತೆಗೆ ಸುರಿದರು. ಶ್ರೀನಿವಾಸಪುರ ಬಂದ್ ಕೂಡ ಆಯಿತು.

ಅಂಥ ಜೂನ್‌ನ ಒಂದು ಭಾನುವಾರ, ಊರಿನ ಅಂಚಿನ ಮನೆಯೊಂದರ ಅಡುಗೆಮನೆಗೆ ಇಪ್ಪತ್ತೈದು ವರ್ಷದ ಹುಡುಗನೊಬ್ಬ ಒಂದು ಕೈಚೀಲ ಹಿಡಿದು ಬಂದ. ಚೀಲದಲ್ಲಿ ಒಂದು ಕೆ.ಜಿ. ಕೋಳಿಮಾಂಸ, ಒಂದು ಬಾಟಲಿ ವಿನೆಗರ್, ಇನ್ನೊಂದು ಬಾಟಲಿ ಸೋಯಾ ಸಾಸ್. ಬಸ್ ನಿಲ್ದಾಣದ ಬಳಿ ಗೋಬಿ ಮಂಚೂರಿ ಮಾಡುವ ಗಾಡಿಯವನು ಇವೆರಡನ್ನೂ ಎಲ್ಲಿ ಕೊಳ್ಳುತ್ತಾನೆಂದು ಕೇಳಿ, ಅದೇ ಅಂಗಡಿಗೆ ಹೋಗಿ ತಂದಿದ್ದ.

"ಇವತ್ತು ಅಡುಗೆ ನಂದು," ಎಂದ.

ತಾಯಿ ಒಲೆಯ ಮುಂದಿನಿಂದ ಸರಿಯಲಿಲ್ಲ. ಆರು ವರ್ಷ ಫಿಲಿಪೀನ್ಸಿನಲ್ಲಿ ಡಾಕ್ಟರ್ ಓದಿಗೆಂದು ಇದ್ದು ಬಂದ ಮಗ ಸೌಟು ಹಿಡಿಯುವುದು ಆಕೆಗೆ ಸರಿಕಾಣಲಿಲ್ಲ. ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ಮಾತ್ರ, "ಮಾಡ್ಲಿ ಬಿಡಮ್ಮ, ಕೈ ಏನೂ ಸವೆಯಲ್ಲ" ಎಂದಳು. ಈ ಸೀಮೆಯಲ್ಲಿ ತೆಲುಗು ಕನ್ನಡ ಎರಡೂ ಒಂದೇ ನಾಲಗೆಯ ಮೇಲೆ ಓಡಾಡುತ್ತವೆ. ಆ ಮನೆಯಲ್ಲೂ ಅಜ್ಜಿಗೆ ಎಲ್ಲರೂ ಅವ್ವ ಎನ್ನುತ್ತಾರೆ. ಸೊಸೆ ಮಾತ್ರ ಅತ್ತೆ ಎನ್ನುತ್ತಾಳೆ.

ತಂದೆ ಮಂಡಿಗೆ ಹೋಗಿದ್ದರು. ಮಾರಲು ಏನೂ ಇರಲಿಲ್ಲ. ಬೆಲೆ ಏನಾದರೂ ಏರಿತೇ ಎಂದು ನೋಡಲು ಹೋಗಿದ್ದರು. ಜನವರಿಯಿಂದ ಅವರು ಮಗನೊಂದಿಗೆ ಹೆಚ್ಚು ಮಾತಾಡಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಎಷ್ಟೋ ಮೇಲಿತ್ತು.

ಹೊರದೇಶದಲ್ಲಿ ವೈದ್ಯ ಪದವಿ ಪಡೆದು ಬಂದವರು ಇಲ್ಲಿ ವೃತ್ತಿ ಮಾಡಬೇಕಾದರೆ ಎಫ್‌ಎಂಜಿಇ ಎಂಬ ಪರೀಕ್ಷೆ ಪಾಸು ಮಾಡಲೇಬೇಕು. 2002ರಿಂದ ಇದು ನಡೆದುಬಂದಿದೆ. ವರ್ಷಕ್ಕೆ ಎರಡು ಸಲ, ಒಂದೇ ದಿನದಲ್ಲಿ 300 ಪ್ರಶ್ನೆ. 150 ಅಂಕ ಬಂದರೆ ಪಾಸು. 149 ಬಂದರೂ ನಪಾಸು. ಬರೆದವರಲ್ಲಿ ಪಾಸಾಗದವರೇ ಹೆಚ್ಚು. ಈ ಹುಡುಗ 2025ರ ಜನವರಿಯಲ್ಲಿ ಮೊದಲ ಸಲ ಬರೆದಿದ್ದ. "ಸ್ವಲ್ಪದರಲ್ಲಿ ತಪ್ಪಿತು" ಎಂದಷ್ಟೇ ಮನೆಯಲ್ಲಿ ಹೇಳಿದ್ದ. ಸ್ವಲ್ಪವೆಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಜುಲೈ ಕೊನೆಗೆ ಮತ್ತೆ ಪರೀಕ್ಷೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದುತ್ತಿದ್ದ. ತಂದೆ ಎದ್ದು ತೋಟಕ್ಕೆ ಹೊರಡುವ ಹೊತ್ತಿಗೆ ಪುಸ್ತಕದ ಮೇಲೆ ಇನ್ನಷ್ಟು ಬಗ್ಗುತ್ತಿದ್ದ.

ಅವನು ಮಾಡಹೊರಟದ್ದು ಅಡೋಬೋ. ಫಿಲಿಪೀನ್ಸಿನ ಮನೆಮನೆಯ ಅಡುಗೆ. ಮಾಂಸವನ್ನು ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು ಮತ್ತು ಸೋಯಾ ಸಾಸಿನಲ್ಲಿ ಬೇಯಿಸಿದರೆ ಅಡೋಬೋ. ಮಿಕ್ಕಿದ್ದನ್ನು ಮಾರನೆಯ ದಿನ ಎಳೆ ಎಳೆಯಾಗಿ ಬಿಡಿಸಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ತಂಗಳನ್ನಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಮೇಲೊಂದು ಮೊಟ್ಟೆ ಇಟ್ಟು ತಿಂದರೆ ಅದು ಅಲ್ಲಿಯ ಬೆಳಗಿನ ತಿಂಡಿ. ಅವನಿಗೆ ಬೇಕಾಗಿದ್ದದ್ದು ಈ ಗರಿಗರಿ ಎಳೆಗಳು.

ತಾಯಿ ಒಂದು ಅಲ್ಯೂಮಿನಿಯಂ ಪಾತ್ರೆ ಮುಂದಿಟ್ಟಳು. "ಇದರಲ್ಲಿ ಬೇಡಮ್ಮ. ವಿನೆಗರ್ ಹುಳಿ, ಲೋಹವನ್ನ ಕಚ್ಚುತ್ತೆ. ಅವರು ಮಣ್ಣಿನ ಮಡಕೆಯಲ್ಲಿ ಮಾಡ್ತಾರೆ," ಎಂದ. ಅವ್ವ ಜಗಲಿಯಿಂದಲೇ, "ಮೀನಿನ ಸಾರಿನ ಮಡಕೆ ಅಟ್ಟದ ಮೇಲೈತೆ ನೋಡು. ಹುಣಸೆಹುಳಿಗೆ ಆಗೋದು ನಿನ್ನ ಹುಳಿಗೆ ಆಗಲ್ವಾ?" ಎಂದಳು. ಮಡಕೆ ಕೆಳಗಿಳಿಯಿತು.

ಅವನು ಮಾಡಿದ ಕ್ರಮ ಹೀಗಿತ್ತು. ಒಂದು ಕೆ.ಜಿ. ಕೋಳಿಮಾಂಸದ ದೊಡ್ಡ ತುಂಡುಗಳು. ಎಳೆ ಉದ್ದವಾಗಿ ಬರಲೆಂದು ಎದೆಯ ಭಾಗವೇ ಹೆಚ್ಚು. ಚಹಾ ಲೋಟದಲ್ಲಿ ಒಂದು ಲೋಟ ವಿನೆಗರ್, ಮುಕ್ಕಾಲು ಲೋಟ ಸೋಯಾ ಸಾಸ್, ಒಂದು ಲೋಟ ನೀರು. ಒಂದು ಇಡೀ ಗಡ್ಡೆ ಬೆಳ್ಳುಳ್ಳಿ, ಸಿಪ್ಪೆ ತೆಗೆದು ಜಜ್ಜಿದ್ದು. ಒಂದು ಚಮಚ ಕಾಳುಮೆಣಸು, ಮೂರು ಪಲಾವ್ ಎಲೆ. ಸೋಯಾ ಸಾಸಿನಲ್ಲೇ ಸಾಕಷ್ಟು ಉಪ್ಪಿರುವುದರಿಂದ ಬೇರೆ ಉಪ್ಪಿಲ್ಲ. ಮೆಣಸಿನಪುಡಿ ಇಲ್ಲ, ಧನಿಯಾ ಇಲ್ಲ, ಈರುಳ್ಳಿ ಕೂಡ ಇಲ್ಲ. ಇಷ್ಟನ್ನೂ ಮಡಕೆಗೆ ಹಾಕಿ ಒಲೆಯ ಮೇಲಿಟ್ಟ.

ತಾಯಿ ಅಭ್ಯಾಸಬಲದಿಂದ ಸೌಟು ಹಾಕಲು ಹೋದಳು. ಅವನು ಕೈ ಹಿಡಿದ. "ವಿನೆಗರ್ ಕುದಿ ಬರೋವರೆಗೂ ಕಲಕಬಾರದು, ಮುಚ್ಚಲೂಬಾರದು. ಹಸಿ ಘಾಟು ಹೋಗ್ಬೇಕು. ಆತೆ ಹಾಗೇ ಹೇಳ್ಕೊಟ್ಟಿದ್ದು."

ತಾಯಿ ಬಾಗಿಲಿಗೆ ಬಂದು ಜಗಲಿಯತ್ತ ನೋಡಿದಳು. "ಅತ್ತೆ, ನೀವ್ಯಾವಾಗ ಇದನ್ನ ಹೇಳ್ಕೊಟ್ರಿ?"

"ನಾನಾ? ಆ ಕರೀ ನೀರಿನ ಬಾಟ್ಲಿ ನಾನು ಕಣ್ಣಲ್ಲೂ ನೋಡಿಲ್ಲಮ್ಮ," ಎಂದಳು ಅವ್ವ.

ತಾಯಿಯ ಮುಖದ ಬಣ್ಣ ಇಳಿಯಿತು. ತನ್ನ ಅತ್ತೆ ಅಲ್ಲವಾದರೆ ಇವನ ಅತ್ತೆಯೇ ಇರಬೇಕು. ಆರು ವರ್ಷ ಹೊರದೇಶದಲ್ಲಿದ್ದ ಮಗ ಮನೆಯವರಿಗೆ ಹೇಳದೆ ಅಲ್ಲೊಂದು ಅತ್ತೆಯನ್ನು ಮಾಡಿಕೊಂಡು ಬಂದಿದ್ದಾನೆ! ಆಕೆ ನಿಧಾನವಾಗಿ ನೆಲದ ಮೇಲೆ ಕೂತಳು. "ಹುಡುಗಿ ಎಲ್ಲೋ?" ಎಂದಳು, ಅರ್ಧ ಅಳುತ್ತ.

ಹುಡುಗನಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಅವನು ಅಷ್ಟು ಜೋರಾಗಿ ನಕ್ಕಿದ್ದು ಅಂದೇ. "ಅತ್ತೆ ಅಲ್ಲಮ್ಮ, ಆತೆ. ಅವರ ಭಾಷೆಯಲ್ಲಿ ಆತೆ ಅಂದ್ರೆ ಅಕ್ಕ. ನಾವಿದ್ದ ಬಾಡಿಗೆ ಮನೆ ನೋಡ್ಕೊಳ್ತಿದ್ದೋಳು. ನಿನಗಿಂತ ದೊಡ್ಡೋಳು. ಎಲ್ಲರೂ ಆತೆ ಅಂತಾನೇ ಕರೀತಿದ್ವಿ."

ತಾಯಿಗೆ ಹೋದ ಜೀವ ಬಂತು. ಅವ್ವ ಮಾತ್ರ, "ಅಕ್ಕ ಆದ್ರೇನು, ಅತ್ತೆ ಆದ್ರೇನು, ಅನ್ನ ಹಾಕಿದೋಳು ತಾಯೇ" ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಮಡಕೆ ಕುದಿಯತೊಡಗಿತು. ಮೊದಲು ಮೂಗು ಸುಡುವ ಹುಳಿ ಘಾಟು ಬಂತು, ಆಮೇಲೆ ಬೆಳ್ಳುಳ್ಳಿಯ ಘಮ. ಸಣ್ಣ ಉರಿಯಲ್ಲಿ ಮೂವತ್ತೈದು ನಿಮಿಷ ಬೆಂದಿತು. ಆ ಹೊತ್ತಿನಲ್ಲಿ ಅವನು ಅಡೋಬೋದ ಕಥೆ ಹೇಳಿದ. ಹೆಸರು ಮಾತ್ರ ಸ್ಪೇನಿನವರದು. ಅವರ ಭಾಷೆಯಲ್ಲಿ ಅಡೋಬೋ ಎಂದರೆ ಮಾಂಸಕ್ಕೆ ಮಸಾಲೆ ಹಚ್ಚಿ ನೆನೆಸುವುದು. ಸ್ಪೇನಿನವರು 16ನೇ ಶತಮಾನದಲ್ಲಿ ಆ ದ್ವೀಪಗಳಿಗೆ ಬಂದಾಗ ಅಲ್ಲಿಯ ಜನ ಆಗಲೇ ತೆಂಗಿನ, ತಾಳೆಯ ವಿನೆಗರಿನಲ್ಲಿ ಮಾಂಸ ಬೇಯಿಸಿ ಇಡುತ್ತಿದ್ದರು. 1613ರಲ್ಲಿ ಅಚ್ಚಾದ ತಾಗಲೋಗ್ ಭಾಷೆಯ ನಿಘಂಟಿನಲ್ಲಿ ಪೆದ್ರೋ ದೆ ಸಾನ್ ಬುಯೆನವೆಂತೂರ ಎಂಬ ಪಾದ್ರಿ ಇದನ್ನು 'ಸ್ಥಳೀಯರ ಅಡೋಬೋ' ಎಂದು ಬರೆದುಕೊಂಡ. ಹೆಸರು ಅದೇ ನಿಂತಿತು. ಸೋಯಾ ಸಾಸು ಚೀನೀ ವ್ಯಾಪಾರಿಗಳ ಕೊಡುಗೆ. ಅದಿಲ್ಲದೆ ಬರೀ ಉಪ್ಪು ಹಾಕಿ ಮಾಡುವ ಬಿಳಿ ಅಡೋಬೋ ಈಗಲೂ ಇದೆ, ಅರಿಸಿನ ಹಾಕಿದ ಹಳದಿ ಅಡೋಬೋ ಕೂಡ ಇದೆ. ಹಂದಿಮಾಂಸ, ಕೋಳಿ ಎರಡರಲ್ಲೂ ಮಾಡುತ್ತಾರೆ. ಬಾಳೆಹೂವು, ಅಲಸಂದೆಕಾಯಿಗಳ ಅಡೋಬೋವೂ ಉಂಟು. ನಮ್ಮ ಪಕ್ಕದ ಗೋವೆಯ ವಿಂದಾಲು ಪೋರ್ಚುಗೀಸರ ವಿನೆಗರ್ ಬೆಳ್ಳುಳ್ಳಿಯ ಅಡುಗೆಯಿಂದ ಹುಟ್ಟಿದ್ದು. ಅಡೋಬೋಗೂ ಅದಕ್ಕೂ ಹುಳಿಯ ನಂಟು.

"ಇಷ್ಟೊಂದು ಹುಳಿ ಯಾಕೆ?" ಎಂದು ತಾಯಿ ಕೇಳಿದಳು.

"ಕೆಡದೆ ಇರ್ಲಿ ಅಂತ. ಹುಳಿಯಲ್ಲಿ ಕ್ರಿಮಿ ಬೆಳೆಯಲ್ಲ. ನಾವು ಉಪ್ಪಿನಕಾಯಿ ಹಾಕಲ್ವಾ? ಅದೇ ಲೆಕ್ಕ. ಸೆಕೆ ದೇಶ, ಫ್ರಿಜ್ಜು ಇಲ್ಲದ ಕಾಲ. ಇವತ್ತಿನ ಮಾಂಸ ನಾಳೆಗೂ ಇರಬೇಕಲ್ಲ."

ಮಾಂಸ ಬೆಂದ ಮೇಲೆ ಅವನು ಅವಸರ ಮಾಡಿದ. ತಂದೆ ಬರುವುದರೊಳಗೆ ಮುಗಿಸಬೇಕೆಂಬ ಅವಸರ. ಬಿಸಿಬಿಸಿ ಇರುವಾಗಲೇ ತುಂಡುಗಳನ್ನು ಬಿಡಿಸಿ, ರಸ ಸೋರುತ್ತಿದ್ದಂತೆಯೇ ಬಾಣಲೆಯ ಕಡಲೆಕಾಯಿ ಎಣ್ಣೆಗೆ ಎಲ್ಲವನ್ನೂ ಒಟ್ಟಿಗೆ ಸುರಿದ. ಎಣ್ಣೆ ಬುಸುಗುಟ್ಟಿ ನೊರೆಯೆದ್ದು ಒಲೆಗೆ ಚೆಲ್ಲಿತು. ತಾಯಿ ಓಡಿಬಂದು ಗ್ಯಾಸು ಆರಿಸಿದಳು. ನೊರೆ ಇಳಿದ ಮೇಲೆ ನೋಡಿದರೆ ಹೊರಗೆ ಕಪ್ಪು, ಒಳಗೆ ಜಗಿದರೆ ಚಪ್ಪಲಿಯ ಪಟ್ಟಿ. ಗರಿಗರಿಯ ಮಾತೇ ಇಲ್ಲ.

ಹುಡುಗ ಬಾಣಲೆಯ ಮುಂದೆ ಸುಮ್ಮನೆ ನಿಂತ. ಒಂದು ಅಡುಗೆ ಕೆಟ್ಟದ್ದಕ್ಕೆ ಬರಬೇಕಾದ ದುಃಖಕ್ಕಿಂತ ದೊಡ್ಡ ದುಃಖವೊಂದು ಅವನ ಮುಖದಲ್ಲಿತ್ತು. "ಇದೂ ಆಗ್ಲಿಲ್ಲ," ಎಂದ.

ತಾಯಿಗೆ ಆ 'ಇದೂ' ಚುಚ್ಚಿತು. ಏನು ಹೇಳಬೇಕೆಂದು ತೋಚಲಿಲ್ಲ.

ಅವ್ವ ಗೋಡೆ ಹಿಡಿದು ಒಳಗೆ ಬಂದಳು. ಬಾಣಲೆಯಿಂದ ಒಂದು ಎಳೆ ಎತ್ತಿ, ಬೆರಳ ನಡುವೆ ಹೊಸಕಿ, ಮೂಸಿ ನೋಡಿದಳು. "ಅಯ್ಯೋ ಪೆದ್ದೇ, ಇದು ನಮ್ಮ ಉಪ್ಪುಕಂಡ ಅಲ್ವೇನೋ! ಒಣಗಿಸದೇನೆ ಕರಿದ್ರೆ ಹೆಂಗೆ ಬತ್ತದೆ?"

ಉಪ್ಪುಕಂಡ ಈಗಿನ ಮಕ್ಕಳಿಗೆ ಗೊತ್ತಿರಲಾರದು. ಕಂಡ ಎಂದರೆ ಮಾಂಸ. ಊರದೇವರ ಹಬ್ಬಕ್ಕೆ ಕುರಿ ಕಡಿದಾಗ, ಉಂಡು ಹಂಚಿ ಮಿಕ್ಕ ಮಾಂಸವನ್ನು ಮೂಳೆ ಬಿಡಿಸಿ, ಉದ್ದುದ್ದ ಸೀಳಿ, ಉಪ್ಪು, ಅರಿಸಿನ, ಬೆಳ್ಳುಳ್ಳಿ, ಮೆಣಸಿನಪುಡಿ ಹಚ್ಚಿ, ದಾರಕ್ಕೆ ಪೋಣಿಸಿ, ಕಡುಬಿಸಿಲಲ್ಲಿ ನಾಲ್ಕೈದು ದಿನ ಒಣಗಿಸುತ್ತಿದ್ದರು. ಕಾಗೆ ಓಡಿಸಲು ಒಂದು ಮಗುವನ್ನು ಕೂರಿಸುತ್ತಿದ್ದರು. ಕಟ್ಟಿಗೆಯಂತೆ ಒಣಗಿದ ಮೇಲೆ ಮಡಕೆಯಲ್ಲಿ ತುಂಬಿಟ್ಟರೆ ತಿಂಗಳುಗಟ್ಟಲೆ ಬಾಳುತ್ತಿತ್ತು. ಮಳೆಗಾಲದಲ್ಲಿ, ಮನೆಯಲ್ಲಿ ಸಾರಿಗೆ ಏನೂ ಇಲ್ಲದ ದಿನ, ನಾಲ್ಕು ತುಂಡು ತೆಗೆದು ಕೆಂಡದ ಮೇಲೆ ಸುಟ್ಟು, ಒರಳಲ್ಲಿ ಜಜ್ಜಿ, ಎಳೆ ಬಿಡಿಸಿ, ಎಣ್ಣೆಯಲ್ಲಿ ಬಾಡಿಸಿದರೆ ಇಡೀ ಮನೆಯ ಮುದ್ದೆ ಇಳಿಯುತ್ತಿತ್ತು. ಕಾಗೆ ಓಡಿಸಲು ಕೂರುತ್ತಿದ್ದ ಮಗು ತಾನೇ ಎಂದು ಅವ್ವ ಹೇಳಿದಳು.

ಮಡಕೆಯಲ್ಲಿ ಇನ್ನೂ ಅರ್ಧದಷ್ಟು ಮಾಂಸವಿತ್ತು. ಅಜ್ಜಿ ಮೊಮ್ಮಗ ಸೇರಿ ಎರಡನೆಯ ಸಲ ಹೊರಟರು. ಅವ್ವ ಅದನ್ನು ಮಹಡಿಯ ಬಿಸಿಲಿಗೆ ಹರಡು ಎಂದಳು. ಡಾಕ್ಟರ್ ಮೊಮ್ಮಗ ಒಪ್ಪಲಿಲ್ಲ. ಉಪ್ಪುಕಂಡಕ್ಕೆ ಉಪ್ಪು ಜಾಸ್ತಿ, ಸೀಳು ತೆಳು, ಬಿಸಿಲು ಏಪ್ರಿಲ್ಲಿನದು. ಇದು ಬೆಂದ ಕೋಳಿ, ಉಪ್ಪು ಕಡಿಮೆ, ಮೋಡದ ಜೂನು, ನೊಣ ಬೇರೆ. ಹೊರಗಿಟ್ಟರೆ ಒಣಗುವ ಮೊದಲೇ ಕೆಡುತ್ತದೆ ಎಂದ. ವಾದವಾಯಿತು. ಕೊನೆಗೆ ರಾಜಿಯಾಯಿತು. ಮಾಂಸವನ್ನು ರಸದಿಂದ ತೆಗೆದು ಆರಿಸಿದರು. ಅವ್ವ ಗುಂಡುಕಲ್ಲಿನಿಂದ ಒಂದೊಂದೇ ತುಂಡನ್ನು ಮೆಲ್ಲಗೆ ಜಜ್ಜಿದಳು. ಹುಡಿಯಾಗುವಂತೆ ಅಲ್ಲ, ಎಳೆ ಸಡಿಲವಾಗುವಷ್ಟು. ಅವನು ಎಳೆಯ ದಾರಿಯಲ್ಲೇ ಬಿಡಿಸಿದ. ಅಡ್ಡಕ್ಕೆ ಹರಿದರೆ ತುಂಡಾಗುತ್ತದೆ, ಉದ್ದಕ್ಕೆ ಬಿಡಿಸಿದರೆ ದಾರವಾಗುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಹಿಂಡಿ, ತಟ್ಟೆಯ ಮೇಲೆ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಇಟ್ಟರು. ಆಮೇಲೆ ಎಣ್ಣೆಯಿಲ್ಲದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಮಿಕ್ಕ ನೀರನ್ನೂ ಆರಿಸಿದರು.

"ಗರಿಗರಿ ಅಂದ್ರೆ ಬೇರೇನಲ್ಲ ಅವ್ವ, ನೀರಿಲ್ಲದೆ ಇರೋದು," ಎಂದ ಹುಡುಗ.

"ಅದನ್ನೇ ನಾನು ಹೇಳಿದ್ದು," ಎಂದಳು ಅವ್ವ.

ಈ ಸಲ ಎಣ್ಣೆ ಹದವಾಗಿ ಕಾಯ್ದಿತ್ತು. ಒಂದು ಹಿಡಿ ಹಾಕಿ, ಅದು ಮೇಲೆ ಬಂದ ಮೇಲೆ ಜಾಲರಿ ಸೌಟಿನಲ್ಲಿ ತೆಗೆದು, ಇನ್ನೊಂದು ಹಿಡಿ. ಸೋಯಾ ಸಾಸು ಬೇಗ ಕಪ್ಪಾಗುವುದರಿಂದ ಹೊಂಬಣ್ಣ ಬರುವಾಗಲೇ ತೆಗೆಯಬೇಕು; ತೆಗೆದ ಮೇಲೂ ಬಿಸಿಗೆ ಬಣ್ಣ ಒಂದು ಸುತ್ತು ಏರುತ್ತದೆ. ಎಳೆಗಳು ಹಗುರಾಗಿ, ಗೂಡು ಕಟ್ಟಿಕೊಂಡು, ಕೈಯಲ್ಲಿ ಹಿಡಿದರೆ ಸರಸರ ಸದ್ದು ಮಾಡುವಂತೆ ಬಂದವು. ಮಡಕೆಯ ರಸವನ್ನು ಅವನು ಬೇರೆಯಾಗಿ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ. ತಾಯಿ ಅಂಗಳದ ಮೂಲೆಯಲ್ಲಿ ಬಿದ್ದಿದ್ದ ರಾಶಿಯಿಂದ ಎರಡು ಗಟ್ಟಿ ತೋತಾಪುರಿ ತಂದು, ಹೆರೆದು, ಉಪ್ಪು ಕಲಸಿದಳು. ದಾವೋದಲ್ಲೂ ಹುಳಿಮಾವಿನ ಹೋಳುಗಳನ್ನು ಸಿಗಡಿಯ ಉಪ್ಪು ಗೊಜ್ಜಿಗೆ ಅದ್ದಿ ತಿನ್ನುತ್ತಾರೆ ಎಂದು ಅವನು ಹೇಳಿದಾಗ ಆಕೆಗೆ ಆ ದೇಶ ಮೊದಲ ಸಲ ಸ್ವಲ್ಪ ಹತ್ತಿರವಾದಂತೆ ಕಂಡಿತು.

ತಂದೆ ಬಂದಾಗ ಎರಡು ಗಂಟೆ. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತರು. ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಕಂದುಬಣ್ಣದ ದಾರದುಂಡೆಯಂಥದೇನೋ. "ಇದೇನು?" ಎಂದು ಹೆಂಡತಿಯನ್ನು ಕೇಳಿದರು.

"ನಿಮ್ಮ ಮಗ ಮಾಡಿದ್ದು."

ಬಾಯಿಗಿಟ್ಟರು. ಹುಳಿ, ಉಪ್ಪು, ಬೆಳ್ಳುಳ್ಳಿ, ಕೊನೆಗೆ ಕರುಂ ಎಂಬ ಸದ್ದು. ಮತ್ತೊಂದಿಷ್ಟು ಹಾಕಿಸಿಕೊಂಡರು. ಮಾತಾಡಲಿಲ್ಲ. ಹಲ್ಲಿಲ್ಲದ ಅವ್ವ ತನ್ನ ಪಾಲನ್ನು ಬಿಸಿ ಸಾರಿನ ಮೇಲೆ ಉದುರಿಸಿಕೊಂಡು ಮೆತ್ತಗೆ ಮಾಡಿಕೊಂಡಳು. ಇಷ್ಟು ಕಷ್ಟಪಟ್ಟು ಗರಿಗರಿ ಮಾಡಿದ್ದು ಇದಕ್ಕಾ ಎಂದು ಮೊಮ್ಮಗ ರೇಗಿಸಿದ.

ಆಗ ತಾಯಿ ಕೇಳಿದಳು: "ಇದನ್ನ ನೀನು ಯಾವಾಗ ಕಲ್ತೆ?"

"2020ರಲ್ಲಿ. ಲಾಕ್‌ಡೌನಿನಲ್ಲಿ."

ಆ ವರ್ಷದ ಮಾರ್ಚ್ 17ರಂದು ಭಾರತ ಸರ್ಕಾರ ಫಿಲಿಪೀನ್ಸಿನಿಂದ ಬರುವ ಪ್ರಯಾಣಿಕರಿಗೆ ಬಾಗಿಲು ಮುಚ್ಚಿತು. ಮನಿಲಾ ವಿಮಾನ ನಿಲ್ದಾಣದಲ್ಲಿ ಎಷ್ಟೋ ವಿದ್ಯಾರ್ಥಿಗಳು ಟಿಕೆಟ್ ಹಿಡಿದು ಸಿಕ್ಕಿಬಿದ್ದರು. ಇವನು ದಕ್ಷಿಣದ ಮಿಂಡನಾವೊ ದ್ವೀಪದ ದಾವೋ ನಗರದಲ್ಲಿದ್ದ. ಮನಿಲಾದವರೆಗೂ ಹೋಗಲಾಗಲಿಲ್ಲ. ಮೆಸ್ಸು ಮುಚ್ಚಿತು. ಮನೆಯಿಂದ ಒಬ್ಬರು ಮಾತ್ರ, ಅದೂ ಚೀಟಿ ಹಿಡಿದು, ಪೇಟೆಗೆ ಹೋಗಬಹುದಿತ್ತು. ಆ ದಿನಗಳಲ್ಲಿ ಆತೆ ದೊಡ್ಡ ಮಡಕೆಯಲ್ಲಿ ಅಡೋಬೋ ಮಾಡಿ, ಎಳೆ ಬಿಡಿಸಿ ಕರಿದು, ಡಬ್ಬದಲ್ಲಿ ತುಂಬಿಟ್ಟಳು. ಆರು ಹುಡುಗರು ದಿನಕ್ಕೆ ಒಂದೊಂದು ಹಿಡಿ ಅನ್ನದ ಮೇಲೆ ಉದುರಿಸಿಕೊಂಡು ತಿಂದರು. ಜೂನ್‌ನಲ್ಲಿ ಸರ್ಕಾರದ ವಿಶೇಷ ವಿಮಾನದಲ್ಲಿ ಜಾಗ ಸಿಗುವವರೆಗೂ ಹಾಗೆಯೇ ನಡೆಯಿತು.

"ದಿನಾ ಫೋನು ಮಾಡ್ತಿದ್ದೆಯಲ್ಲ," ಎಂದಳು ತಾಯಿ. "ಊಟ ಆಯ್ತಾ ಅಂದ್ರೆ, ಆಯ್ತಮ್ಮ, ಅನ್ನ, ಬೇಳೆಸಾರು, ಮೊಸರು ಅಂತಿದ್ದೆ."

"ಅನ್ನ ನಿಜ," ಎಂದ ಹುಡುಗ.

ಯಾರೂ ನಗಲಿಲ್ಲ. ದಾವೋದ ಗಡಿಯಾರ ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ಸಂಜೆ ಏಳಾದಾಗ ಅಲ್ಲಿ ಒಂಬತ್ತೂವರೆ. ಮಗ ಉಂಡು ಮಲಗುವ ಹೊತ್ತೆಂದು ಲೆಕ್ಕ ಹಾಕಿ ತಾಯಿ ಏಳಕ್ಕೆ ಸರಿಯಾಗಿ ಫೋನಿನ ಮುಂದೆ ಕೂರುತ್ತಿದ್ದಳು. ಅವನು ಹೇಳಿದ ಬೇಳೆಸಾರನ್ನು ನಂಬಿ ನಿದ್ದೆ ಮಾಡುತ್ತಿದ್ದಳು.

ತಂದೆ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದರು: "ಆ ವರ್ಷ ನೀನು ಮಾವು ಹೆಂಗೆ ಹೋಯ್ತಪ್ಪ ಅಂತ ಕೇಳಿದ್ದೆ. ಚೆನ್ನಾಗೋಯ್ತು ಅಂದಿದ್ದೆ ನಾನು." ಸ್ವಲ್ಪ ತಡೆದು, "ಹೋಗಿರಲಿಲ್ಲ. ವ್ಯಾಪಾರಿಗಳೇ ಬಂದಿರಲಿಲ್ಲ. ನಿಮ್ಮಮ್ಮನ ಬಳೆ ಇಟ್ಟು ಆ ಕಂತು ಕಳಿಸಿದ್ದು" ಎಂದರು.

ಹುಡುಗ ತಾಯಿಯ ಕೈ ನೋಡಿದ. ಅಲ್ಲಿ ಗಾಜಿನ ಬಳೆಗಳಿದ್ದವು. ವಿಮಾನ ಇಳಿದು ಮನೆಗೆ ಬಂದಾಗಲೂ ಇದ್ದದ್ದು ಅವೇ. ಆಗ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮಾತು ಒಮ್ಮೆ ಹೊರಟ ಮೇಲೆ ನಿಲ್ಲಲಿಲ್ಲ. ಮಾವಿನ ತೋಟದವರು ಹೂ ಬಿಟ್ಟಾಗಲೇ ಫಸಲನ್ನು ಗುತ್ತಿಗೆಗೆ ಕೊಡುವುದುಂಟು. ಮುಂಗಡ ಒಂದಿಷ್ಟು, ಕೊಯ್ಲಿನ ಮೇಲೆ ಮಿಕ್ಕದ್ದು. ತಂದೆಯೂ ಹಾಗೆ ಮಾಡಿದ್ದರು. ಈ ಸಲ ಬೆಲೆ ಬಿದ್ದೊಡನೆ ಗುತ್ತಿಗೆದಾರ ಕಾಯಿ ಕೀಳದೆ ಕೈಬಿಟ್ಟು ಹೋಗಿದ್ದ. ಮಿಕ್ಕ ಹಣ ಬರುವಂತಿರಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಆ ರಾಶಿ ಅದೇ. ಮಗನ ಓದಿಗೆ ಅಡ್ಡಿಯಾದೀತೆಂದು ಇದನ್ನು ಅವನಿಗೆ ಹೇಳಿರಲಿಲ್ಲ. ಅವನು ಕೇಳಿದಾಗಲೆಲ್ಲ "ನೀನು ಓದ್ಕೋ" ಎಂದಿದ್ದರು. ಆ ಮಾತು ಅವನ ಕಿವಿಗೆ ಕೋಪವಾಗಿ ಕೇಳಿಸಿತ್ತು.

"ನೂರಾ ನಲವತ್ತೊಂದು," ಎಂದ ಹುಡುಗ.

"ಏನು?"

"ಜನವರಿಯ ಮಾರ್ಕು. ಒಂಬತ್ತು ಕಡಿಮೆ ಬಂತು."

ತಂದೆ ಬಹಳ ಹೊತ್ತು ಅವನನ್ನೇ ನೋಡಿದರು. "ಬರೀ ಒಂಬತ್ತಾ?" ಎಂದರು. "ನಾನು ಎಷ್ಟೋ ಅಂದ್ಕೊಂಡಿದ್ದೆ." ಐದು ತಿಂಗಳು ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದ ಆ 'ಎಷ್ಟೋ' ಒಂಬತ್ತಕ್ಕಿಂತ ಬಹಳ ದೊಡ್ಡದಾಗಿತ್ತು.

ಅವ್ವ ಸಾರಿನ ಬಟ್ಟಲು ಕೆಳಗಿಟ್ಟು, "ಮುಚ್ಚಿಟ್ಟು ಬೇಯಿಸಿದ್ರೆ ಘಾಟು ಒಳಗೇ ಇರ್ತದೆ ಅಂತ ಬೆಳಿಗ್ಗೆ ಯಾರೋ ಹೇಳ್ತಿದ್ರಪ್ಪ" ಎಂದಳು. ಆಗ ಎಲ್ಲರೂ ನಕ್ಕರು, ತಂದೆ ಕೂಡ.

ಮುಂದಿನ ಕಥೆಯಲ್ಲಿ ಪವಾಡವೇನೂ ಇಲ್ಲ. ಜುಲೈನಲ್ಲಿ ಕೇಂದ್ರ ಸರ್ಕಾರ ಕರ್ನಾಟಕದ ಎರಡೂವರೆ ಲಕ್ಷ ಟನ್ ತೋತಾಪುರಿಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿ, ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿತು. ಆ ಮನೆಯ ಅಂಗಳದ ರಾಶಿ ಅಷ್ಟರಲ್ಲಿ ಕೊಳೆತು ಗೊಬ್ಬರದ ಗುಂಡಿ ಸೇರಿತ್ತು. ಹುಡುಗ ಬೆಳಗಿನ ನಾಲ್ಕಕ್ಕೇ ಏಳುತ್ತಿದ್ದ. ಒಂದು ಬದಲಾವಣೆಯೆಂದರೆ, ತಂದೆ ತೋಟಕ್ಕೆ ಹೊರಡುವ ಮೊದಲು ಅವನ ಮೇಜಿನ ಬಳಿ ಐದು ನಿಮಿಷ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಭಾನುವಾರ ಅರ್ಧ ಕೆ.ಜಿ. ಕೋಳಿ ಬರುತ್ತಿತ್ತು. ಅವ್ವ ಜಜ್ಜುತ್ತಿದ್ದಳು, ಅವನು ಬಿಡಿಸುತ್ತಿದ್ದ, ತಾಯಿ ಕರಿಯುತ್ತಿದ್ದಳು. ತಾಯಿಯ ಕೈಯಲ್ಲಿ ಅದಕ್ಕೆ ಸ್ವಲ್ಪ ಅರಿಸಿನವೂ ಒಂದೆರಡು ಬ್ಯಾಡಗಿ ಮೆಣಸಿನಕಾಯಿಯೂ ಸೇರಿಕೊಂಡವು. ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬರುತ್ತಿತ್ತು. ಮಳೆಯ ದಿನ ಮೆತ್ತಗಾದರೆ ಬರೀ ಬಾಣಲೆಯಲ್ಲಿ ಎರಡು ನಿಮಿಷ ಬಿಸಿ ಮಾಡಿದರೆ ಸಾಕಾಗುತ್ತಿತ್ತು.

ಜುಲೈ 26ರಂದು ಅವನು ಪರೀಕ್ಷೆ ಬರೆದ. ಆಗಸ್ಟಿನಲ್ಲಿ ಫಲಿತಾಂಶ ಬಂದ ಸಂಜೆ ಮೊಬೈಲು ಹಿಡಿದು ನೇರವಾಗಿ ತೋಟಕ್ಕೆ ಹೋದ. ತಂದೆ ಮಾವಿನ ಮರಗಳ ಒಣಕೊಂಬೆ ಸವರುತ್ತಿದ್ದರು.

"ನೂರಾ ನಲವತ್ತೇಳು. ಮೂರು ಕಡಿಮೆಯಪ್ಪ," ಎಂದ.

ಕತ್ತಿ ಒಂದು ಗಳಿಗೆ ಕೊಂಬೆಯ ಮೇಲೇ ನಿಂತಿತು. ಆಮೇಲೆ ತಂದೆ ಅದನ್ನು ಕೆಳಗಿಟ್ಟು, ಮರದ ಬುಡದಲ್ಲಿ ಕೂತು, ಪಕ್ಕದ ಜಾಗ ಕೈಯಿಂದ ಒರೆಸಿದರು. ಹುಡುಗ ಕೂತ. ಬಹಳ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ. ಜೂನ್‌ವರೆಗಿದ್ದ ಮೌನವಲ್ಲ ಇದು.

"ಮತ್ತೆ ಯಾವಾಗ?" ಎಂದು ಕೇಳಿದರು ಕೊನೆಗೆ.

"ಡಿಸೆಂಬರ್ ಸರದಿ ಇದೆ."

"ಅಷ್ಟೊತ್ತಿಗೆ ಹೂ ಬರ್ತದೆ," ಎಂದು ತಂದೆ ಎದ್ದು ಪಂಚೆ ಕೊಡವಿಕೊಂಡರು. "ನಡಿ, ನಿಮ್ಮವ್ವ ಒರಳ ಮುಂದೆ ಕೂತಿರ್ತಾಳೆ. ದಾರಿಯಲ್ಲಿ ಕೋಳಿ ತಗೊಂಡು ಹೋಗೋಣ."